ಶೀತಕ ಪೆಟ್ಟಿಗೆಯಲ್ಲಿ ಕಟ್ಟುವ ಹಿಮ: ಅದರ ಕಾರಣ ಮತ್ತು ನಿವಾರಣೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ಇತಿಹಾಸ, ಅರ್ಥಶಾಸ್ತ್ರ, ಸಾಹಿತ್ಯಗಳನ್ನು ಓದುವ ನಮಗೆ ಅಡಿಗೆಮನೆಯ ಮೂಲೆಯಲ್ಲಿ ಗುಂಯ್‌ಗುಡುತ್ತ ನಿಂತಿರುವ ರೆಫ್ರಿಜರೇಟರಿನ ವಿಚಾರವೇಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ದಿನಕ್ಕೆ ಹತ್ತು ಬಾರಿ ಬಾಗಿಲು ತೆರೆದು ನೋಡುವ ವಸ್ತುವಿನ ಗುಣವನ್ನೇ ಅರಿಯದಿರುವುದು ವಿದ್ಯಾವಂತರಿಗೆ ಶೋಭಿಸದು. ಅಲ್ಲದೆ ಈ ಪೆಟ್ಟಿಗೆಯೊಡನೆ ಬರುವ ಕೈಪಿಡಿ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ; ಪೆಟ್ಟಿಗೆಯನ್ನು ತೊಳೆಯುವವರಾದರೋ ಆ ಭಾಷೆಯನ್ನು ಓದಲಾರದ ನಮ್ಮ ತಾಯಂದಿರು. ನನ್ನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿನವಳಾದುದರಿಂದ ಅದನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು. ಅದರಲ್ಲಿ ‘ಹೀಗೆ ಮಾಡಿರಿ’, ‘ಹೀಗೆ ಮಾಡಬೇಡಿರಿ’ ಎಂಬ ಮಾತುಗಳಿದ್ದುವೇ ಹೊರತು, ಏಕೆ ಎಂಬುದಕ್ಕೆ ಉತ್ತರವಿರಲಿಲ್ಲ. ಕಾರಣ ತಿಳಿಯದ ನಿಯಮವನ್ನು ಯಾರೂ ಬಹುಕಾಲ ಪಾಲಿಸುವುದಿಲ್ಲ. ಆ ಕಾರಣವನ್ನು ಯಥಾಶಕ್ತಿ ತಿಳಿಸುವುದೇ ಈ ಲೇಖನದ ಉದ್ದೇಶ. ಇಲ್ಲಿ ಹೇಳುವುದೆಲ್ಲ ಒಂದೇ ಬಾಗಿಲಿನ ಚಿಕ್ಕ ಪೆಟ್ಟಿಗೆಗೆ ಸಂಬಂಧಿಸಿದುದು.

ತಂಪು ಎಂದರೇನು?

ಶೀತಕ ಪೆಟ್ಟಿಗೆಯು ಪದಾರ್ಥಗಳಿಗೆ ತಂಪನ್ನು ‘ಕೊಡುತ್ತದೆ’ ಎಂದು ನಾವು ಆಡುವುದುಂಟು. ನಿಜಕ್ಕೂ ಅದು ಕೊಡುವುದಿಲ್ಲ. ಒಳಗಿನ ಶಾಖವನ್ನು ಹೊರಗೆ ಸಾಗಿಸುತ್ತದೆ. ಮೇಲ್ಭಾಗದ ಐಸಿನ ಅರೆಯ ಗೋಡೆಯೊಳಗೆ ಕಿರಿದಾದ ಕೊಳವೆಗಳಿವೆ. ಅವುಗಳಲ್ಲಿ ಹರಿಯುವ ದ್ರವವು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಕೆಳಗಿರುವ ಸಂಕೋಚಕ ಯಂತ್ರ ಆ ಆವಿಯನ್ನು ಒತ್ತಿ ಹಿಂಬದಿಯ ಕೊಳವೆಗಳಿಗೆ ದೂಡುತ್ತದೆ. ಅಲ್ಲಿ ಅದು ಶಾಖವನ್ನು ಹೊರಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಪೆಟ್ಟಿಗೆಯ ಬೆನ್ನು ಬೆಚ್ಚಗಿರುವುದು ಇದರಿಂದಲೇ.

ಮಂಜುಗಡ್ಡೆ ಒಂದು ಕಾಲದಲ್ಲಿ ನಮ್ಮ ದೇಶಕ್ಕೆ ಹಡಗಿನಲ್ಲಿ ಬರುತ್ತಿದ್ದ ಸರಕು. 1833ರಲ್ಲಿ ಅಮೆರಿಕದ ಬೋಸ್ಟನ್ನಿನಿಂದ ಫ್ರೆಡರಿಕ್ ಟ್ಯೂಡರನ ಮಂಜುಗಡ್ಡೆ ಕಲ್ಕತ್ತಕ್ಕೆ ಬಂದಿಳಿಯಿತು. ಮದರಾಸಿನಲ್ಲಿ ಅದನ್ನು ಕೂಡಿಡುವುದಕ್ಕಾಗಿ ಕಟ್ಟಿದ ‘ಐಸ್ ಹೌಸ್’ ಇಂದಿಗೂ ವಿವೇಕಾನಂದರ ಸ್ಮಾರಕವಾಗಿ ನಿಂತಿದೆ. ಅಂದು ಶ್ರೀಮಂತರಿಗಷ್ಟೇ ದೊರೆಯುತ್ತಿದ್ದ ಮಂಜುಗಡ್ಡೆ ಇಂದು ನಮ್ಮ ಮನೆಯಲ್ಲಿ ಬೇಡವಾದರೂ ಬೆಳೆಯುತ್ತಿದೆ.

ಹಿಮ ಬರುವುದೆಲ್ಲಿಂದ?

ಪೆಟ್ಟಿಗೆಯೊಳಗೆ ಯಾರೂ ನೀರು ಸುರಿಯದಿದ್ದರೂ ಹಿಮ ಬೆಳೆಯುವುದು ಗಾಳಿಯಿಂದ. 30 ಡಿಗ್ರಿ ಸೆಂಟಿಗ್ರೇಡಿನ ಒಂದು ಘನ ಮೀಟರು ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹೊರಬಲ್ಲದು. ಅದೇ ಗಾಳಿ ಸೊನ್ನೆ ಡಿಗ್ರಿಗಿಳಿದರೆ ಸುಮಾರು 5 ಗ್ರಾಂ ಮಾತ್ರ. ಮಿಕ್ಕ ನೀರು ಎಲ್ಲಾದರೂ ಇಳಿಯಲೇಬೇಕು. ಪೆಟ್ಟಿಗೆಯೊಳಗಿನ ಅತ್ಯಂತ ತಣ್ಣನೆಯ ಜಾಗ ಐಸಿನ ಅರೆಯಾದುದರಿಂದ ಅದು ಅಲ್ಲಿ ಬಿಳಿಯ ಹಿಮವಾಗಿ ಅಂಟಿಕೊಳ್ಳುತ್ತದೆ.

ಬಯಲುಸೀಮೆಯ ಒಣಹವೆಯಲ್ಲಿ ಇದು ಅಷ್ಟು ತೊಂದರೆಯಲ್ಲ. ನಮ್ಮ ಹಂಗಾರಕಟ್ಟೆಯ ಮಾತು ಬೇರೆ. ಸೀತಾ, ಸುವರ್ಣಾ ನದಿಗಳು ಕಡಲು ಸೇರುವ ಅಳಿವೆಯ ಮಗ್ಗುಲಲ್ಲಿರುವ ಊರು ನಮ್ಮದು. ಮಳೆಗಾಲದಲ್ಲಿ ಹಾಸಿದ ಬಟ್ಟೆ ಮೂರು ದಿನವಾದರೂ ಒಣಗದು. 180 ಲೀಟರಿನ ಪೆಟ್ಟಿಗೆಯ ಗಾಳಿಯೆಲ್ಲ ಒಮ್ಮೆ ಬದಲಾದರೆ ಅಂಥ ಹವೆಯಲ್ಲಿ ಸುಮಾರು 3 ಗ್ರಾಂ ನೀರು ಒಳಗೆ ಉಳಿಯುತ್ತದೆ. ಬಾಗಿಲು ತೆರೆದಾಗಲೆಲ್ಲ ಅರ್ಧದಷ್ಟು ಗಾಳಿ ಬದಲಾಗುವುದೆಂದೂ, ದಿನಕ್ಕೆ 20 ಬಾರಿ ತೆರೆಯುವೆವೆಂದೂ ಇಟ್ಟುಕೊಂಡರೆ ದಿನಕ್ಕೆ 30 ಗ್ರಾಂ, ತಿಂಗಳಿಗೆ 900 ಗ್ರಾಂ ಆಯಿತು! ಇದರಲ್ಲಿ ಕೆಲವಂಶ ಹನಿಯಾಗಿ ಇಳಿದುಹೋದರೂ ಮುಚ್ಚಳವಿಲ್ಲದೆ ಇಟ್ಟ ಸಾರು, ಬಿಸಿಯಾರದ ಅನ್ನ, ಸಡಿಲವಾದ ಬಾಗಿಲಿನ ರಬ್ಬರು ಇವು ಆ ಕೊರತೆಯನ್ನು ತುಂಬಿಕೊಡುತ್ತವೆ.

ಹಿಮದಿಂದಾಗುವ ಕೇಡು

ಐಸು ಹೆಚ್ಚು ಕಟ್ಟಿದಷ್ಟೂ ತಂಪು ಹೆಚ್ಚು ಎಂಬುದು ಜನರಲ್ಲಿರುವ ದೊಡ್ಡ ತಪ್ಪು ತಿಳುವಳಿಕೆ. ಹಿಮದ ಹರಳುಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಕಂಬಳಿಯು ನಮ್ಮ ಮೈಯ ಬಿಸಿಯನ್ನು ಹೊರಗೆ ಬಿಡದಿರುವುದೂ ಅದರೊಳಗಿನ ಗಾಳಿಯಿಂದಲೇ ಅಲ್ಲವೆ? ಹಾಗೆಯೇ ಹಿಮವು ತಣ್ಣನೆಯ ಗೋಡೆಗೆ ಹೊದಿಸಿದ ಕಂಬಳಿ. ಪದಾರ್ಥಗಳ ಶಾಖ ಆ ಗೋಡೆಯನ್ನು ಮುಟ್ಟಲಾರದು. ಯಂತ್ರ ಬಿಡುವಿಲ್ಲದೆ ದುಡಿಯುತ್ತದೆ. ವಿದ್ಯುತ್ತಿನ ಬಿಲ್ಲು ಏರುತ್ತದೆ. ಆದರೂ ಕೆಳಗಿನ ಅರೆಗಳು ಬೆಚ್ಚಗಾಗುತ್ತವೆ.

ನಮ್ಮ ಕರಾವಳಿಯ ಮನೆಗಳಲ್ಲಿ ಈ ಕೊನೆಯ ಸಂಗತಿ ಹಣದ ಪ್ರಶ್ನೆಯಷ್ಟೇ ಅಲ್ಲ, ಆರೋಗ್ಯದ ಪ್ರಶ್ನೆ. ಬಂಗುಡೆ, ಬೂತಾಯಿಯಂಥ ಮೀನುಗಳು ಸಾಕಷ್ಟು ತಂಪಿನಲ್ಲಿರದಿದ್ದರೆ ಅವುಗಳಲ್ಲಿನ ಹಿಸ್ಟಿಡೀನ್ ಎಂಬ ಅಂಶವನ್ನು ಸೂಕ್ಷ್ಮಜೀವಿಗಳು ಹಿಸ್ಟಮೀನ್ ಆಗಿ ಮಾರ್ಪಡಿಸುತ್ತವೆ. ಅಂಥ ಮೀನು ತಿಂದವರಿಗೆ ಮುಖ ಕೆಂಪೇರುವುದು, ತುರಿಕೆ, ತಲೆನೋವು, ವಾಂತಿ ಕಾಣಿಸಬಹುದು. ಒಮ್ಮೆ ಹುಟ್ಟಿದ ಹಿಸ್ಟಮೀನ್ ಎಷ್ಟು ಕುದಿಸಿದರೂ ನಾಶವಾಗದು. ಮತ್ತೆ ಐಸಿನಲ್ಲಿಟ್ಟರೂ ಹೋಗದು. ಆದುದರಿಂದ ಕೆಳಗಿನ ಅರೆಗಳು 4 ಡಿಗ್ರಿ ಅಥವಾ ಅದಕ್ಕೂ ಕಡಿಮೆ ಇರುವಂತೆ ನೋಡಿಕೊಳ್ಳುವುದು ಅವಶ್ಯ.

ಕರಗಿಸುವ ಕ್ರಮ

ಹಿಮವು ಕಾಲಂಗುಲ, ಅಂದರೆ ಸುಮಾರು 6 ಮಿಲಿಮೀಟರು ದಪ್ಪವಾದೊಡನೆ ಕರಗಿಸಬೇಕು. ಚಿಕ್ಕ ಪೆಟ್ಟಿಗೆಗಳಲ್ಲಿ ಇದಕ್ಕಾಗಿಯೇ ತಂಪು ನಿಯಂತ್ರಿಸುವ ತಿರುಗುಣಿಯ ನಡುವೆ ಒಂದು ಗುಂಡಿಯಿರುವುದುಂಟು. ಅದನ್ನು ಒತ್ತಿದರೆ ಯಂತ್ರ ನಿಂತು, ಹಿಮ ಕರಗಿದ ಮೇಲೆ ತಾನಾಗಿ ನಡೆಯತೊಡಗುತ್ತದೆ. ಒಳಗೆಲ್ಲ ತೊಳೆಯುವುದಿದ್ದರೆ ಮಾತ್ರ ಪ್ಲಗ್ಗನ್ನೇ ಕಿತ್ತಿಡಬೇಕು. ಬೆಳಗಿನ ಹೊತ್ತು, ಪೆಟ್ಟಿಗೆ ಬಹುಮಟ್ಟಿಗೆ ಬರಿದಾಗಿರುವಾಗ ಕೆಲಸ ಹಿಡಿಯುವುದು ಒಳ್ಳೆಯದು. ಉಳಿದ ಮೀನು, ಹಾಲುಗಳನ್ನು ಐಸಿನ ಗಡ್ಡೆಗಳೊಡನೆ ಮುಚ್ಚಿದ ಪಾತ್ರೆಯಲ್ಲಿಟ್ಟು, ದಪ್ಪ ಬಟ್ಟೆ ಸುತ್ತಿ ನೆರಳಿನಲ್ಲಿಡಬೇಕು.

ಇಲ್ಲೊಂದು ಲೆಕ್ಕವಿದೆ. ಸೊನ್ನೆ ಡಿಗ್ರಿಯ ಒಂದು ಕಿಲೋ ಮಂಜುಗಡ್ಡೆ ಅದೇ ಸೊನ್ನೆ ಡಿಗ್ರಿಯ ನೀರಾಗಬೇಕಾದರೆ 80 ಕಿಲೋಕ್ಯಾಲೊರಿ ಶಾಖ ಬೇಕು. ಇದನ್ನು ಗುಪ್ತೋಷ್ಣವೆನ್ನುತ್ತಾರೆ, 1760ರ ಸುಮಾರಿಗೆ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿದ್ದ ಜೋಸೆಫ್ ಬ್ಲ್ಯಾಕನು ಇದನ್ನು ಕಂಡುಕೊಂಡನು. ಹಿಮ ತಾನಾಗಿ ಕರಗಲು ಗಂಟೆಗಟ್ಟಲೆ ಹಿಡಿಯುವುದು ಈ ಕಾರಣದಿಂದಲೇ. ಆದರೆ ಎರಡು ಲೀಟರು ನೀರು 80 ಡಿಗ್ರಿಯಿಂದ 30 ಡಿಗ್ರಿಗೆ ಆರುವಾಗ 100 ಕಿಲೋಕ್ಯಾಲೊರಿ ಶಾಖ ಬಿಡುತ್ತದೆ. ಹೀಗಿರುವಲ್ಲಿ, ಐಸಿನ ಅರೆಯೊಳಗೆ ಮಡಚಿದ ಬಟ್ಟೆಯ ಮೇಲೆ ಬಿಸಿನೀರಿನ ಪಾತ್ರೆಯೊಂದನ್ನಿಟ್ಟು, ಆರಿದಾಗ ಒಂದೆರಡು ಬಾರಿ ಬದಲಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಕುದಿಯುವ ನೀರನ್ನು ನೇರವಾಗಿ ಸುರಿಯಬಾರದು. ಪ್ಲಾಸ್ಟಿಕ್ಕು, ಗಾಜು ಬಿರಿಯಬಹುದು.

ಚಾಕು, ಕತ್ತಿ, ಸ್ಕ್ರೂಡ್ರೈವರುಗಳನ್ನು ಮಾತ್ರ ಸರ್ವಥಾ ಉಪಯೋಗಿಸಕೂಡದು. ಅರೆಯ ಗೋಡೆ ತೆಳುವಾದ ಅಲ್ಯುಮಿನಿಯಂ. ಕೊಳವೆ ಅದರೊಳಗೇ ಇದೆ. ನಮ್ಮ ನೆರೆಮನೆಯವರು ಬೀಡಿಕಟ್ಟಿ ಕೂಡಿಸಿದ ಹಣದಿಂದ ಕೊಂಡ ಪೆಟ್ಟಿಗೆ, ಚಾಕುವಿನ ಒಂದೇ ಚುಚ್ಚಿನಿಂದ ಬರಿಯ ಕಪಾಟಾಯಿತು. ಇನ್ನೊಂದು ಅಪಾಯವೂ ಉಂಟು. ಹಿಂದೆ ಬಳಸುತ್ತಿದ್ದ ಅನಿಲಗಳು ಓಜೋನ್ ಪದರಕ್ಕೆ ಹಾನಿಮಾಡುತ್ತಿದ್ದುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಅವುಗಳನ್ನು ಕ್ರಮೇಣ ಕೈಬಿಡಲಾಯಿತು. ಈಗ ಹಲವು ಚಿಕ್ಕ ಪೆಟ್ಟಿಗೆಗಳಲ್ಲಿರುವುದು ಐಸೋಬ್ಯೂಟೇನ್. ಪ್ರಮಾಣ ಅತ್ಯಲ್ಪವಾದರೂ ಅದು ಬೆಂಕಿ ಹತ್ತುವ ಅನಿಲ. ಗೋಡೆಯಿಂದ ‘ಸುಯ್’ ಎಂಬ ಸದ್ದು ಬಂದರೆ ಒಲೆ ಹಚ್ಚದೆ, ಸ್ವಿಚ್ಚು ಮುಟ್ಟದೆ, ಕಿಟಕಿ ಬಾಗಿಲುಗಳನ್ನು ತೆರೆದು ಹೊರಗೆ ಬರಬೇಕು.

ಶುಚಿಗೊಳಿಸುವುದು

ಹಿಮವೆಲ್ಲ ಬಿದ್ದ ಮೇಲೆ ಅರೆಗಳನ್ನು ಹೊರತೆಗೆದು ಸಾಬೂನುನೀರಿನಲ್ಲಿ ತೊಳೆಯಬೇಕು. ಒಳಗೋಡೆಗಳಿಗೆ ಒಂದು ಲೀಟರು ಬೆಚ್ಚನೆಯ ನೀರಿಗೆ ಎರಡು ದೊಡ್ಡ ಚಮಚ ಅಡಿಗೆ ಸೋಡ ಬೆರೆಸಿ ಒರೆಸಿದರೆ ಮೀನಿನ ವಾಸನೆ ಹೋಗುತ್ತದೆ. ಬಾಗಿಲಿನ ರಬ್ಬರಿನ ಮಡಿಕೆಗಳನ್ನು ಒರೆಸಿ, ಒಂದು ಕಾಗದವನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆದು ನೋಡಬೇಕು. ಕಾಗದ ಸಲೀಸಾಗಿ ಜಾರಿ ಬಂದರೆ ರಬ್ಬರು ಸಡಿಲವಾಗಿದೆಯೆಂದು ತಿಳಿಯತಕ್ಕದ್ದು. ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿದ ಬಳಿಕವೇ ಪ್ಲಗ್ಗು ಹಾಕಬೇಕು. ಒದ್ದೆ ಉಳಿದರೆ ಅದೇ ನಾಳಿನ ಹಿಮ.

ಹೆಚ್ಚಿನವರ ಕಣ್ಣಿಗೆ ಬೀಳದ ಭಾಗವೊಂದಿದೆ. ಅದೇ ಪೆಟ್ಟಿಗೆಯ ಹಿಂಬದಿಯಲ್ಲಿ ನೀರು ಸೇರುವ ತಟ್ಟೆ. ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಇಂಥ ನಿಂತ ನೀರೇ ತೊಟ್ಟಿಲು. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕಾದುದರಿಂದ ಈ ತಟ್ಟೆಯನ್ನು ವಾರಕ್ಕೊಮ್ಮೆ ಚೆಲ್ಲಿ, ಉಜ್ಜಿ ತೊಳೆಯಲೇಬೇಕು. ಅಂಗಳದ ತೆಂಗಿನ ಚಿಪ್ಪನ್ನು ಬೋರಲು ಹಾಕುವ ನಾವು ಮನೆಯೊಳಗಿನ ಈ ತಟ್ಟೆಯನ್ನು ಮರೆಯಬಾರದು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಅದಕ್ಕೆ ಮೊದಲೇ ಒಂದಿಷ್ಟು ಮೀನನ್ನು ಕೂಡಿಡುವ ಮನೆಗಳುಂಟು. ಗಾಳಿಯಲ್ಲಿ ತೇವ ಅತಿಯಾಗಿರುವುದೂ, ಗಾಳಿಮಳೆಗೆ ವಿದ್ಯುತ್ತು ಕಡಿದುಹೋಗುವುದೂ ಅದೇ ತಿಂಗಳುಗಳಲ್ಲಿ. ವಿದ್ಯುತ್ತು ಹೋದಾಗ ಬಾಗಿಲು ತೆರೆಯದಿದ್ದರೆ ಕೆಳಗಿನ ಅರೆಗಳ ತಂಪು ಸುಮಾರು 4 ಗಂಟೆ ಮಾತ್ರ ನಿಲ್ಲುತ್ತದೆ. ಆದುದರಿಂದ ಮೇ ತಿಂಗಳ ಕೊನೆಯ ವಾರವೇ ಈ ಕೆಲಸಕ್ಕೆ ಪ್ರಶಸ್ತವಾದ ಕಾಲ. ಅಷ್ಟರಲ್ಲಿ ನಮ್ಮ ಪರೀಕ್ಷೆಗಳೂ ಮುಗಿದಿದ್ದರೆ, ಸಹಪಾಠಿ ಸೋದರಿಯರು ಮಾತ್ರವಲ್ಲದೆ ಸೋದರರೂ ಒಂದು ಮುಂಜಾನೆ ಬಿಸಿನೀರಿನ ಪಾತ್ರೆಯನ್ನು ಕೈಗೆತ್ತಿಕೊಳ್ಳಲಿ. ಕೆಲಸ ಮಾಡುತ್ತಲೇ ಅದರ ಕಾರಣವನ್ನೂ ಮನೆಯವರಿಗೆ ನಮ್ಮ ಮಾತಿನಲ್ಲಿ ತಿಳಿಸಿದರೆ, ಮುಂದಿನ ಸಲ ಯಾರೂ ಚಾಕು ಹುಡುಕಲಾರರು.