ಹೊಂದಿಕೆಯ ಲೆಕ್ಕ

ಬೆಳಗಾವಿಯಿಂದ ಸುಮಾರು 26 ಕಿಲೋಮೀಟರ್ ದೂರದಲ್ಲಿ, ಮಲಪ್ರಭಾ ನದಿಯ ದಂಡೆಯ ಮೇಲೆ ಖಾನಾಪುರವಿದೆ. ಮಡಕೆ, ಹೆಂಚು ಮೊದಲಾದ ಮಣ್ಣಿನ ಕೆಲಸಕ್ಕೆ ಈ ಊರು ಹೆಸರಾದುದು. ಹೆಂಚು ಹೊದಿಸುವುದನ್ನು ಕಂಡವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಒಂದು ಹೆಂಚಿನ ಏಣು ಪಕ್ಕದ ಹೆಂಚಿನ ತೋಡಿನಲ್ಲಿ ಸರಿಯಾಗಿ ಕುಳಿತರೆ ಮಾತ್ರ ಮಾಡು ಮಳೆಗೆ ಸೋರದೆ ನಿಲ್ಲುತ್ತದೆ. ಪ್ರತಿಯೊಂದು ಹೆಂಚೂ ಗಟ್ಟಿಯಾಗಿದ್ದು ಅವುಗಳ ಅಚ್ಚು ಮಾತ್ರ ಬೇರೆ ಬೇರೆಯಾಗಿದ್ದರೆ ಆ ಗಟ್ಟಿತನದಿಂದ ಪ್ರಯೋಜನವಿಲ್ಲ. ಗಣಕಯಂತ್ರದ ಬಿಡಿಭಾಗಗಳಿಗೂ ಇದೇ ನಿಯಮವು ಅನ್ವಯಿಸುತ್ತದೆ.

ಈ ಊರಿನ ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಳ್ಳೋಣ. ಓದಿಗೂ ಆಗಬೇಕು, ಬಿಡುವಿನ ವೇಳೆಯಲ್ಲಿ ಆಟಕ್ಕೂ ಒದಗಬೇಕು, ಅಂಥದೊಂದು ಗಣಕವನ್ನು ತಾನೇ ಜೋಡಿಸಬೇಕೆಂಬುದು ಅವನ ಹಂಬಲ. ಕಬ್ಬಿನ ಬಿಲ್ಲು ಕೈಗೆ ಬಂದಾಗ ತಂದೆ ಅದರಲ್ಲಿ ಒಂದು ಪಾಲನ್ನು ಇದಕ್ಕಾಗಿ ತೆಗೆದಿರಿಸಿದ್ದಾರೆ. ಆ ಹಣ ಒಮ್ಮೆ ವ್ಯಯವಾದರೆ ಮತ್ತೆ ಕೇಳುವಂತಿಲ್ಲ. ಪೊಟ್ಟಣ ಒಡೆದ ವಸ್ತುವನ್ನು ಅಂಗಡಿಯವರು ಹಿಂದಕ್ಕೆ ಪಡೆಯುವರೆಂಬ ಭರವಸೆಯೂ ಇಲ್ಲ. ಆದುದರಿಂದ ಬೆಳಗಾವಿಯ ಬಸ್ಸು ಹತ್ತುವ ಮುನ್ನವೇ ಅವನು ಲೆಕ್ಕ ಹಾಕಬೇಕಾಗಿದೆ.

ಬೇರೆ ಬೇರೆ ಸಂಸ್ಥೆಗಳ ಭಾಗಗಳನ್ನು ಕೂಡಿಸಿ ಒಂದು ಗಣಕವನ್ನು ಕಟ್ಟುವುದು ಸಾಧ್ಯವಾದುದಾದರೂ ಹೇಗೆ? 1981ರಲ್ಲಿ ಐಬಿಎಂ ಸಂಸ್ಥೆಯು ತನ್ನ ವೈಯಕ್ತಿಕ ಗಣಕವನ್ನು ಹೊರತಂದಾಗ ಅದರ ರಚನೆಯ ವಿವರಗಳನ್ನು ಗುಟ್ಟಾಗಿಡಲಿಲ್ಲ. ಅದಕ್ಕೆ ಹೊಂದುವ ಭಾಗಗಳನ್ನು ಇತರರೂ ತಯಾರಿಸತೊಡಗಿದರು. 1995ರಲ್ಲಿ ಇಂಟೆಲ್ ಸಂಸ್ಥೆಯು ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಪಡಿಸಿತು. ಬೋರ್ಡಿನ ಗಾತ್ರ, ತಿರುಪುಗಳ ಸ್ಥಾನ, ವಿದ್ಯುತ್ ಜೋಡಣೆ ಇವೆಲ್ಲ ಒಂದು ಕ್ರಮಕ್ಕೆ ಬಂದವು. ಆದರೆ ಎಲ್ಲ ಭಾಗಗಳೂ ಎಲ್ಲದಕ್ಕೂ ಹೊಂದುತ್ತವೆ ಎಂದು ಇದರ ಅರ್ಥವಲ್ಲ.

ಮೊಟ್ಟಮೊದಲು ನೋಡತಕ್ಕದ್ದು ಪ್ರೊಸೆಸರ್ ಮತ್ತು ಮದರ್‌ಬೋರ್ಡುಗಳ ಸಂಬಂಧವನ್ನು. ಪ್ರೊಸೆಸರ್ ಕೂರುವ ನೆಲೆಗೆ ಸಾಕೆಟ್ ಎಂದು ಹೆಸರು. ಎಎಂಡಿ ಸಂಸ್ಥೆಯ ಎಎಂ4 ಸಾಕೆಟ್ಟಿನಲ್ಲಿ 1331 ಸಂಪರ್ಕ ಬಿಂದುಗಳಿವೆ. 2022ರಲ್ಲಿ ಬಂದ ಎಎಂ5 ಸಾಕೆಟ್ಟಿನಲ್ಲಿ 1718. ಒಂದಕ್ಕಾಗಿ ಮಾಡಿದ ಪ್ರೊಸೆಸರ್ ಇನ್ನೊಂದರಲ್ಲಿ ಕೂರದು. ಸಾಕೆಟ್ ಒಂದೇ ಆದರೂ ಎಚ್ಚರಿಕೆ ಅಗತ್ಯ. 2017ರ ಎಎಂ4 ಬೋರ್ಡು 2020ರಲ್ಲಿ ಬಂದ ಪ್ರೊಸೆಸರನ್ನು ಗುರುತಿಸಬೇಕಾದರೆ ಬೋರ್ಡಿನ ಬಯಾಸ್ ತಂತ್ರಾಂಶವನ್ನು ಹೊಸದಾಗಿಸಬೇಕಾಗುತ್ತದೆ. ಬೋರ್ಡು ತಯಾರಿಸಿದವರು ತಾವೇ ಪ್ರಕಟಿಸುವ ಪಟ್ಟಿಯಲ್ಲಿ ಈ ವಿವರವು ದೊರೆಯುತ್ತದೆ.

ಎರಡನೆಯದು ರ‍್ಯಾಮ್. ಡಿಡಿಆರ್4 ಮತ್ತು ಡಿಡಿಆರ್5 ಎರಡರಲ್ಲಿಯೂ 288 ಸಂಪರ್ಕಗಳೇ ಇರುವುದರಿಂದ ಮೇಲ್ನೋಟಕ್ಕೆ ಅವು ಒಂದೇ ತೆರನಾಗಿ ಕಾಣುತ್ತವೆ. ಆದರೆ ಅಂಚಿನಲ್ಲಿರುವ ಕಚ್ಚಿನ ಸ್ಥಾನ ಬೇರೆ. ಹೊಂದದ ಪಟ್ಟಿಯನ್ನು ಒತ್ತಾಯದಿಂದ ಕೂರಿಸಹೊರಟರೆ ಬೋರ್ಡು ಕೆಡುತ್ತದೆ. ಎಎಂ4ಕ್ಕೆ ಡಿಡಿಆರ್4 ಬೇಕು. ಎಎಂ5ಕ್ಕೆ ಡಿಡಿಆರ್5 ಮಾತ್ರವೇ ಸಲ್ಲುತ್ತದೆ. ಅಲ್ಲದೆ 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಆಟಕ್ಕೆ ಮೇಲು. ಎರಡು ದಾರಿಗಳಲ್ಲಿ ಏಕಕಾಲಕ್ಕೆ ಮಾಹಿತಿ ಹರಿಯುವುದೇ ಇದಕ್ಕೆ ಕಾರಣ.

ಮೂರನೆಯದು ಗ್ರಾಫಿಕ್ಸ್ ಕಾರ್ಡ್. ಆಟದ ಚಿತ್ರಗಳನ್ನು ಮೂಡಿಸುವ ಈ ಭಾಗಕ್ಕೇ ಎಲ್ಲ ಹಣವನ್ನೂ ಸುರಿಯುವ ಆಸೆ ಎಳೆಯರಿಗೆ ಸಹಜ. ಆದರೆ ದುರ್ಬಲವಾದ ಪ್ರೊಸೆಸರಿಗೆ ಬಲಿಷ್ಠವಾದ ಕಾರ್ಡನ್ನು ಜೋಡಿಸಿದರೆ ಕಾರ್ಡು ಕೆಲಸಕ್ಕಾಗಿ ಕಾಯುತ್ತಾ ಕೂರಬೇಕಾಗುತ್ತದೆ. ಮೂಗಿಗಿಂತ ಮೂಗುತಿ ಭಾರವಾದಂತೆ! 1920×1080 ಬಿಂದುಗಳ ಸಾಮಾನ್ಯ ಪರದೆಯಿದ್ದವನಿಗೆ ಮಧ್ಯಮ ದರ್ಜೆಯ ಕಾರ್ಡು ಸಾಕು. ಹಣ ಸಾಲದಿದ್ದರೆ ಇನ್ನೊಂದು ಉಪಾಯವುಂಟು. ರೈಜನ್ 5 5600 ಎಂಬ ಪ್ರೊಸೆಸರ್ ಕಾರ್ಡಿಲ್ಲದೆ ಪರದೆಯ ಮೇಲೆ ಚಿತ್ರ ಮೂಡಿಸಲಾರದು. ಅದೇ 5600ಜಿ ಎಂಬುದರಲ್ಲಿ ಚಿತ್ರ ಮೂಡಿಸುವ ಶಕ್ತಿ ಅಡಕವಾಗಿದೆ. ಹೆಸರಿನ ಕೊನೆಯ ಒಂದೇ ಅಕ್ಷರದಿಂದ ಎಷ್ಟು ವ್ಯತ್ಯಾಸ! ಎರಡನೆಯದನ್ನು ಕೊಂಡವನು ಹಗುರವಾದ ಆಟಗಳಿಂದ ಆರಂಭಿಸಿ, ಮುಂದಿನ ಸುಗ್ಗಿಯ ಬಳಿಕ ಕಾರ್ಡನ್ನು ಸೇರಿಸಬಹುದು.

ಜನರು ಸಾಮಾನ್ಯವಾಗಿ ಅಲಕ್ಷಿಸುವುದು ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆಯ ಪೆಟ್ಟಿಗೆಯನ್ನು. ಇಲ್ಲಿ ಸರಳವಾದ ಕೂಡುವ ಲೆಕ್ಕವು ನೆರವಾಗುತ್ತದೆ. ಪ್ರೊಸೆಸರ್ 65 ವ್ಯಾಟ್, ಆರ್‌ಟಿಎಕ್ಸ್ 3060 ಕಾರ್ಡು 170 ವ್ಯಾಟ್. ಬೋರ್ಡು, ಫ್ಯಾನ್ ಮುಂತಾದವುಗಳಿಗೆ ಸುಮಾರು 75 ವ್ಯಾಟ್ ಎಂದಿಟ್ಟುಕೊಂಡರೆ ಒಟ್ಟು 310 ವ್ಯಾಟ್. ಆದರೆ ಆಟದ ಭರದಲ್ಲಿ ಬೇಡಿಕೆಯು ಕ್ಷಣಕಾಲ ಇದನ್ನು ಮೀರುತ್ತದೆ. ಆದ್ದರಿಂದಲೇ ಈ ಕಾರ್ಡಿಗೆ 550 ವ್ಯಾಟ್ ಪೂರೈಕೆ ಇರಲೆಂದು ತಯಾರಕರು ಸೂಚಿಸಿದ್ದಾರೆ. ಕಳಪೆ ಎಸ್‌ಎಂಪಿಎಸ್ ಕೆಟ್ಟರೆ ತಾನೊಂದೇ ಕೆಡದೆ, ಕೆಲವೊಮ್ಮೆ ಉಳಿದ ಭಾಗಗಳನ್ನೂ ಸುಡಬಹುದು.

ಕೊನೆಯದು ಕ್ಯಾಬಿನೆಟ್. ಎಟಿಎಕ್ಸ್ ಬೋರ್ಡಿನ ಅಳತೆ 305×244 ಮಿಲಿಮೀಟರ್. ಮೈಕ್ರೋ ಎಟಿಎಕ್ಸ್ ಬೋರ್ಡಿನದು 244×244. ಬೋರ್ಡು ಹಿಡಿಸಿದರೆ ಸಾಲದು. ಕಾರ್ಡಿನ ಉದ್ದಕ್ಕೂ ಪ್ರೊಸೆಸರಿನ ಮೇಲಿನ ಕೂಲರಿನ ಎತ್ತರಕ್ಕೂ ಒಳಗೆ ಎಡೆಯಿರಬೇಕು. ಗಾಳಿಯೂ ಸಲೀಸಾಗಿ ಆಡಬೇಕು. ಇದಲ್ಲದೆ ಖಾನಾಪುರವು ಭಾರಿ ಮಳೆಯ ಪ್ರದೇಶ. ಸಿಡಿಲು, ವಿದ್ಯುತ್ತಿನ ಏರಿಳಿತ, ಗೋಡೆಯ ತೇವ ಇವನ್ನು ಮರೆಯಲಾಗದು. ಆದುದರಿಂದ ಸರಿಯಾದ ಅರ್ಥಿಂಗ್ ಹಾಗೂ ಯುಪಿಎಸ್ ಇವುಗಳ ವೆಚ್ಚವನ್ನು ಮೊದಲೇ ಪಟ್ಟಿಯಲ್ಲಿ ಬರೆದಿಡಬೇಕು.

ಹೀಗೆ ನಮ್ಮ ವಿದ್ಯಾರ್ಥಿಯು ಒಂದು ಹಾಳೆಯಲ್ಲಿ ಭಾಗಗಳ ಹೆಸರನ್ನು ಬರೆದು, ಪ್ರತಿಯೊಂದರ ಎದುರಿಗೆ ಅದು ಯಾವುದಕ್ಕೆ ಹೊಂದಬೇಕೆಂಬುದನ್ನು ಗುರುತು ಮಾಡಿಕೊಳ್ಳುತ್ತಾನೆ. ಒಂದು ಭಾಗವನ್ನು ಬದಲಾಯಿಸಿದಾಗಲೆಲ್ಲ ಇಡೀ ಹಾಳೆಯನ್ನು ಮತ್ತೊಮ್ಮೆ ಪರೀಕ್ಷಿಸುತ್ತಾನೆ. ಅಂಗಡಿಯ ಗಾಜಿನ ಹಿಂದೆ ಬಣ್ಣದ ದೀಪಗಳಿಂದ ಮಿನುಗುವ ವಸ್ತುಗಳು ಅವನನ್ನು ಕರೆಯದೆ ಇರವು. ಆಗ ಅವನ ಕೈಯಲ್ಲಿರುವ ಆ ಹಾಳೆಯೇ ಅವನಿಗೆ ಹಿತವಚನ. ತಂದೆಯ ದುಡಿಮೆಯ ಹಣಕ್ಕೆ ಮಗನು ಸಲ್ಲಿಸಬಹುದಾದ ಗೌರವವೂ ಅದೇ ಆಗಿದೆ. ಬಿಡಿಭಾಗಗಳ ಹಿರಿಮೆಯಿಂದ ಯಂತ್ರವಾಗದು. ಅವುಗಳ ಹೊಂದಿಕೆಯಿಂದ ಆಗುತ್ತದೆ. ಮಾಡಿನ ಹೆಂಚುಗಳು ಪ್ರತಿ ಮಳೆಗಾಲದಲ್ಲಿಯೂ ನಮಗೆ ಹೇಳುತ್ತಿರುವುದು ಇದನ್ನೇ ಅಲ್ಲವೇ?