ಹಂಪ್ ಇಳಿಯುವಾಗ ‘ಕಟಕಟ’ ಎಂದರೆ

ಕಾರು ಒಂದು ಲಕ್ಷ ಕಿಲೋಮೀಟರ್ ದಾಟಿದೆಯೇ? ಹಂಪ್ ಇಳಿಯುವಾಗ ಮುಂಭಾಗದಲ್ಲಿ ‘ಕಟಕಟ’ ಎನ್ನುತ್ತಿದೆಯೇ? ಕೂಡಲೇ ಶಾಕ್ ಅಬ್ಸಾರ್ಬರ್ ಬದಲಿಸಲು ಒಪ್ಪಿಕೊಳ್ಳಬೇಡಿ. ಎಷ್ಟೋ ಸಲ ತಪ್ಪು ಲಿಂಕ್ ರಾಡಿನದು. ಅಗ್ಗದ ಬಿಡಿಭಾಗ, ಸಣ್ಣ ಕೆಲಸ. ಆಮೇಲೆ ಲೋಯರ್ ಆರ್ಮ್ ಬುಷ್ ನೋಡಿಸಿ. ಅದರ ರಬ್ಬರ್ ಹರಿದಿದ್ದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಬದಿಗೆ ಎಳೆಯಬಹುದು. ಬಾಲ್ ಜಾಯಿಂಟ್ ಸಡಿಲವಾಗಿದ್ದರೆ ಮಾತ್ರ ಒಂದು ದಿನವೂ ತಡಮಾಡಬೇಡಿ: ಓಡುವಾಗ ಅದು ಕಳಚಿದರೆ ಚಕ್ರವೇ ವಾಲಿಬಿಡುತ್ತದೆ.

ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಸೋರುತ್ತಿದ್ದರೆ ಅದರ ಆಯುಸ್ಸು ಮುಗಿದಂತೆ. ಎಡಬಲ ಎರಡನ್ನೂ ಜೊತೆಯಾಗಿಯೇ ಬದಲಿಸಿ. ಹೇಗೂ ಬಿಚ್ಚಿರುತ್ತಾರೆ, ಮೇಲಿನ ಸ್ಟ್ರಟ್ ಮೌಂಟನ್ನೂ ಹೊಸದು ಹಾಕಿಸಿದರೆ ಕೂಲಿ ಎರಡು ಸಲ ಕೊಡುವುದು ತಪ್ಪುತ್ತದೆ. (ನಾನು ಎರಡು ಸಲ ಕೊಟ್ಟವನೇ!)

ಇನ್ನೊಂದು ಗುಟ್ಟು: ಹೊಸ ಬುಷ್‌ನ ಬೋಲ್ಟನ್ನು, ಗಾಡಿ ಜಾಕ್ ಮೇಲಿದ್ದು ಚಕ್ರ ಜೋತಾಡುವಾಗ ಪೂರ್ತಿ ಬಿಗಿಸಬಾರದು. ಚಕ್ರದ ಮೇಲೆ ಭಾರ ಬಿದ್ದ ಮೇಲೆ ಬಿಗಿಸಬೇಕು. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ. ಮೆಕ್ಯಾನಿಕ್ ಮುಖ ಸಿಂಡರಿಸಿದರೂ ಪಕ್ಕದಲ್ಲೇ ನಿಂತು ಹೇಳಿ. ವೀಲ್ ಅಲೈನ್‌ಮೆಂಟ್ ಅದೇ ದಿನ ಮಾಡಿಸಿ.