ಮೊದಲ ಒಂದು ಗಂಟೆ: ಮನಸ್ಸಿನ ತುರ್ತು ಸ್ಥಿತಿಯಲ್ಲಿ ಶಿಕ್ಷಕರ ಪ್ರಶ್ನೆ

ನಾನು ವೃತ್ತಿಯಿಂದ ಶಿಕ್ಷಕನಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತ. ಮನೆ ಗದಗ-ಬೆಟಗೇರಿಯಲ್ಲಿ, ಕೆಲಸದ ಬಹುಭಾಗ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಊರುಗಳಲ್ಲಿ. ಬೋಧನಾಭ್ಯಾಸಕ್ಕೆ ಹೊರಡುವ ಪ್ರಶಿಕ್ಷಣಾರ್ಥಿಗಳಿಗೆ ಒಂದು ಪಾಠ ಮಾಡಿ ಎಂದು ಕಾಲೇಜಿನವರು ಕರೆದಾಗ, ನಾನೂ ಎಲ್ಲರಂತೆ ಪಾಠಯೋಜನೆ ಬರೆದುಕೊಂಡು ಹೋದೆ. ಆ ಪಾಠ, ಅದರಲ್ಲಿ ಸರಿಹೋದದ್ದು ಮತ್ತು ತಪ್ಪಿದ್ದು ಈ ಲೇಖನದ ವಿಷಯ.

ಪಾಠದ ಉದ್ದೇಶಗಳು

ಪಾಠದ ಕೊನೆಗೆ ಪ್ರಶಿಕ್ಷಣಾರ್ಥಿಗಳು:
1. ತೀವ್ರ ಸಂಕಟದಲ್ಲಿರುವ ವಿದ್ಯಾರ್ಥಿಯನ್ನು ಗುರುತಿಸುವರು.
2. ಸಾವಿನ ಯೋಚನೆಯ ಬಗ್ಗೆ ನೇರವಾಗಿ, ಮೃದುವಾಗಿ ಪ್ರಶ್ನಿಸುವರು.
3. ನೆರವು ಬರುವವರೆಗೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ವಿವರಿಸುವರು.

ಪೀಠಿಕೆ

ಕಪ್ಪುಹಲಗೆಯ ಮೇಲೆ ಜಿಲ್ಲೆಯ ನಕ್ಷೆ ಬರೆದೆ. ನಡುವೆ ಕಪ್ಪತಗುಡ್ಡ, ಸುತ್ತ ನಾಲ್ಕು ಊರು. "ನಾನು ಲಕ್ಷ್ಮೇಶ್ವರದಲ್ಲಿದ್ದೇನೆ. ಮುಂಡರಗಿ ಕಡೆಯ ಶಾಲೆಯಿಂದ ಫೋನ್ ಬಂತು. ಎಷ್ಟು ಹೊತ್ತಿಗೆ ಮುಟ್ಟುತ್ತೇನೆ?" ಎಂದು ಕೇಳಿದೆ. ಒಬ್ಬರು ಒಂದು ತಾಸು ಎಂದರು, ಮತ್ತೊಬ್ಬರು ಬಸ್ಸಿನಲ್ಲಾದರೆ ಎರಡು ತಾಸು ಎಂದರು. "ಹಾಗಾದರೆ ಅಲ್ಲಿಯವರೆಗೆ ಆ ಮಗುವಿನ ಹತ್ತಿರ ಯಾರಿರುತ್ತಾರೆ?" ತರಗತಿ ಸುಮ್ಮನಾಯಿತು. ಹಿಂದಿನ ಸಾಲಿನಿಂದ ಒಬ್ಬರು "ನಾವs ಇರ್ತೀವ್ರಿ" ಎಂದರು. ಪಾಠ ಅಲ್ಲಿಂದ ಶುರುವಾಯಿತು.

ಅಮೆರಿಕದ ಒರೆಗಾನ್ ರಾಜ್ಯದ ಯೂಜೀನ್ ನಗರದಲ್ಲಿ 1989ರಲ್ಲಿ ಒಂದು ಪದ್ಧತಿ ಆರಂಭವಾಯಿತು. ಮನಸ್ಸಿನ ತುರ್ತು ಸ್ಥಿತಿಯ ಕರೆ ಬಂದರೆ ಪೊಲೀಸರ ಬದಲು ತರಬೇತಿ ಪಡೆದ ಇಬ್ಬರು ವ್ಯಾನಿನಲ್ಲಿ ಹೋಗುತ್ತಿದ್ದರು. ನಮ್ಮ ದಾರಿ ಬೇರೆ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದದ್ದು 1982ರಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಅದನ್ನು ಜಿಲ್ಲಾ ಮಟ್ಟದಲ್ಲಿ ಪ್ರಯೋಗಿಸಿ ನೋಡಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ರೋಗಿಯ ಊರಿನ ಹತ್ತಿರವೇ ಆರೈಕೆ ಸಾಧ್ಯ ಎಂದು ಆ ಪ್ರಯೋಗ ತೋರಿಸಿತು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. 2014ರಲ್ಲಿ ಕರ್ನಾಟಕ ಆರಂಭಿಸಿದ 'ಮನೋಚೈತನ್ಯ'ದಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ.

ಆದರೆ ಸಂಕಟ ಮಂಗಳವಾರದವರೆಗೆ ಕಾಯುವುದಿಲ್ಲ. ಆರೋಗ್ಯ ಕೇಂದ್ರದವರೂ ಆಶಾ ಕಾರ್ಯಕರ್ತೆಯೂ ಶಿಕ್ಷಕರೂ ನಮ್ಮ ಜೊತೆ ಸೇರಿದಾಗ ಮಾತ್ರ ನಮ್ಮ ವ್ಯಾನು ಪೂರ್ಣವಾಗುತ್ತದೆ.

ವಿಷಯ ನಿರೂಪಣೆ: ನನ್ನ ತಪ್ಪು ಪ್ರಶ್ನೆ

ಗುರುತು ಸಿಗದಂತೆ ವಿವರ ಬದಲಿಸಿ ಎರಡು ಘಟನೆ ಹೇಳಿದೆ.

ಮೊದಲನೆಯದು ನಾನು ಕೆಲಸಕ್ಕೆ ಸೇರಿದ ಹೊಸತರದು. ಹತ್ತನೆಯ ತರಗತಿಯ ಹುಡುಗ. ಊಟ ಬಿಟ್ಟಿದ್ದ, ಗೆಳೆಯರನ್ನು ಬಿಟ್ಟಿದ್ದ, ತನ್ನ ಸೈಕಲ್ಲನ್ನು ತಮ್ಮನಿಗೆ ಕೊಟ್ಟಿದ್ದ. ಶಾಲೆಯವರು ಕರೆಸಿದರು. ನಾನು ಅವನನ್ನು ಕಚೇರಿಯಲ್ಲಿ, ನಾಲ್ಕು ಜನರ ಎದುರು ನಿಲ್ಲಿಸಿಕೊಂಡೇ ಕೇಳಿದೆ: "ಏನೂ ಕೆಟ್ಟ ವಿಚಾರ ಇಲ್ಲಲ್ಲಪಾ ತಮ್ಮ?"

"ಇಲ್ರಿ ಸರ್."

ಬರೆದುಕೊಂಡು ಬಂದೆ. ಎಂಟು ದಿನದ ಮೇಲೆ ಅವನನ್ನು ಆಸ್ಪತ್ರೆಯ ಹಾಸಿಗೆಯ ಮೇಲೆ ನೋಡಿದೆ. ಬದುಕಿದ. ಚೇತರಿಸಿಕೊಂಡ ಮೇಲೆ ಒಂದು ದಿನ ತಾನಾಗಿಯೇ ಹೇಳಿದ: "ನೀವು ಇಲ್ಲಲ್ಲ ಅಂತನ ಕೇಳಿದ್ರಿ ಸರ್. ನಾ ಇಲ್ಲ ಅಂದೆ."

ಪ್ರಶ್ನಿಸುವ ಕೌಶಲದ ಪಾಠದಲ್ಲಿ ನಿಮಗೆ ಇದನ್ನೇ ಕಲಿಸುತ್ತಾರೆ: ಉತ್ತರವನ್ನು ಒಳಗಿಟ್ಟುಕೊಂಡ ಪ್ರಶ್ನೆ ಕೇಳಬೇಡಿ. "ಎಲ್ಲರಿಗೂ ತಿಳಿಯಿತಲ್ಲ?" ಎಂದರೆ ತರಗತಿ "ಹೌದ್ರಿ" ಎನ್ನುತ್ತದೆ, ತಿಳಿದಿರಲಿ ಬಿಡಲಿ. ಭಿನ್ನರಾಶಿಯ ಪಾಠದಲ್ಲಿ ಆ ತಪ್ಪನ್ನು ನಾಳೆ ತಿದ್ದಬಹುದು. ಇಲ್ಲಿ ತಿದ್ದಲು ನಾಳೆ ಸಿಗದೇ ಹೋಗಬಹುದು.

ಎರಡನೆಯದು ಮುಂಡರಗಿ ಕಡೆಯ ಒಂದು ಪ್ರೌಢಶಾಲೆಯದು. ಒಂಬತ್ತನೆಯ ತರಗತಿಯ ಹುಡುಗಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ತಾನಿಲ್ಲದಿದ್ದರೆ ಮನೆಯವರಿಗೆ ಹಗುರವಾಗುತ್ತದೆ ಎಂದು ಬರೆದಿದ್ದಳು. ಕನ್ನಡ ಶಿಕ್ಷಕಿ ನೋಡಿದರು, ನನಗೆ ಫೋನ್ ಮಾಡಿಸಿದರು, ತಮ್ಮ ಪಿರಿಯಡ್ಡನ್ನು ಬೇರೆಯವರಿಗೆ ಒಪ್ಪಿಸಿ ಹುಡುಗಿಯೊಂದಿಗೆ ಬೇವಿನ ಗಿಡದ ಕೆಳಗೆ ಕುಳಿತರು. ಎಲ್ಲರ ಕಣ್ಣಿಗೆ ಕಾಣುವ ಜಾಗ, ಯಾರ ಕಿವಿಗೂ ಬೀಳದ ದೂರ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರಂತೆ: "ಭಾಳ ಸಂಕಟ ಆಗೈತೇನವ್ವಾ? ಸತ್ತ ಹೋಗಬೇಕು ಅಂತ ಮನಸ್ಸಿನ್ಯಾಗ ಬರತೈತೇನು?"

ಹುಡುಗಿ ಮಾತಾಡಲಿಲ್ಲ. ಶಿಕ್ಷಕಿಯೂ ಮಾತಾಡಲಿಲ್ಲ, ಕಾದರು. ಆಮೇಲೆ ಹುಡುಗಿ "ಹೂಂ ರೀ" ಎಂದಳು, ಅತ್ತಳು, ನಿಧಾನಕ್ಕೆ ಎಲ್ಲವನ್ನೂ ಹೇಳಿದಳು. ನಾನು ಮುಟ್ಟಿದಾಗ ಒಂದು ತಾಸಿನ ಮೇಲಾಗಿತ್ತು. ಕೆಲಸದ ಅರ್ಧ ಮುಗಿದಿತ್ತು. ಉಳಿದದ್ದು ತಾಯಿಯನ್ನು ಕರೆಸುವುದು, ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವುದು, ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯಿಂದ ತೆಗೆಸಿ ಬೀಗದೊಳಗೆ ಇಡಿಸುವುದು, ವಾರವಾರ ಹೋಗಿ ನೋಡುವುದು. ಅವಳು ಈಗ ಓದುತ್ತಿದ್ದಾಳೆ.

"ಹಾಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಆಗುವುದಿಲ್ಲವೇ?" ಎಂದು ಒಬ್ಬ ಪ್ರಶಿಕ್ಷಣಾರ್ಥಿ ಕೇಳಿದರು. ಎಲ್ಲ ಕಡೆ ಕೇಳುವ ಪ್ರಶ್ನೆ ಇದು. ಆಗುವುದಿಲ್ಲ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂಬುದನ್ನು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಒಬ್ಬನೇ ಹೊತ್ತಿದ್ದ ಭಾರವನ್ನು ಇಳಿಸಲು ಜಾಗ ಸಿಕ್ಕಿತು ಎಂದು ಬಹಳ ಮಕ್ಕಳು ಹೇಳುತ್ತಾರೆ.

ಚಟುವಟಿಕೆ: ಪಾತ್ರಾಭಿನಯ

ಇಬ್ಬಿಬ್ಬರಂತೆ ಕೂರಿಸಿ, ಒಬ್ಬರು ವಿದ್ಯಾರ್ಥಿ, ಒಬ್ಬರು ಶಿಕ್ಷಕರು ಎಂದೆ. ಒಂದು ನಿಮಿಷದೊಳಗೆ ಕೋಣೆ ತುಂಬ ಉಪದೇಶ ಕೇಳಿಸಿತು. ಕಿವಿಗೆ ಬಿದ್ದದ್ದನ್ನೆಲ್ಲ ಹಲಗೆಯ ಎಡಗಡೆ ಬರೆದೆ. ಎಲ್ಲರೂ ಸೇರಿ ಬಲಗಡೆ ತುಂಬಿದೆವು.

"ಹಂಗೆಲ್ಲ ಅನಬಾರದು" ಎಂಬುದಕ್ಕೆ ಬದಲು: "ಹೇಳಿದ್ದು ಛಲೋ ಆತು. ಇನ್ನೂ ಹೇಳು."
"ಇಷ್ಟು ಸಣ್ಣ ಮಾತಿಗೇನು?" ಎಂಬುದಕ್ಕೆ ಬದಲು: "ಯಾವಾಗಿಂದ ಹಿಂಗ ಆಗೈತಿ?"
"ಅವ್ವ-ಅಪ್ಪನ ಬಗ್ಗೆ ವಿಚಾರ ಮಾಡು" ಎಂಬುದಕ್ಕೆ ಬದಲು: "ಮನ್ಯಾಗ ಯಾರ ಜೋಡಿ ಮಾತಾಡಿದರ ಹಗುರ ಅನಸತೈತಿ?"
"ಯಾರಿಗೂ ಹೇಳೂದಿಲ್ಲ, ಆಣೆ" ಎಂಬುದಕ್ಕೆ ಬದಲು: "ನಿನ್ನ ಜೀವದ ಮಾತು ಇದು. ಸಹಾಯ ಮಾಡುವವರಿಗೆ ಅಷ್ಟ ಹೇಳ್ತೀನಿ, ನಿನಗ ಹೇಳೇ ಹೇಳ್ತೀನಿ."

ಎರಡನೆಯ ಸುತ್ತಿನಲ್ಲಿ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಎಂದೆ. ಹತ್ತು ಎಷ್ಟು ದೊಡ್ಡದು ಎಂದು ಹಲವರಿಗೆ ಆಗ ತಿಳಿಯಿತು.

ಹಲಗೆಯ ಸಾರಾಂಶ

1. ಮಗುವನ್ನು ಒಂಟಿಯಾಗಿ ಬಿಡಬೇಡಿ. ನೀರು ಕುಡಿಯಲು ಹೋದರೂ ಜೊತೆಗೆ ಒಬ್ಬರಿರಲಿ.
2. ಗುಂಪು ಚದುರಿಸಿ, ಕುಳಿತು ಮಾತಾಡಿ.
3. ನೇರವಾಗಿ ಕೇಳಿ, ಕಾಯಿರಿ, ಕೇಳಿಸಿಕೊಳ್ಳಿ.
4. ಮುಖ್ಯ ಶಿಕ್ಷಕರಿಗೆ ಮತ್ತು ಪಾಲಕರಿಗೆ ತಿಳಿಸಿ. ಮನೆಯಲ್ಲೇ ಮಗುವಿಗೆ ಅಪಾಯವಿದೆ ಎನ್ನಿಸಿದರೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.
5. ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಲಭ್ಯ.
6. ಮಗು ಏನನ್ನಾದರೂ ಸೇವಿಸಿದೆ ಅಥವಾ ಗಾಯ ಮಾಡಿಕೊಂಡಿದೆ ಎಂಬ ಅನುಮಾನವಿದ್ದರೂ ಮಾತುಕತೆ ಬೇಡ, ಕೂಡಲೇ 108.

ಕಾನೂನಿನ ಭಯವೂ ಶಾಲೆಗಳಲ್ಲಿ ಬಾಯಿ ಕಟ್ಟಿಸುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಂ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. ಬೇರೆ ರೀತಿ ಸಾಬೀತಾಗದ ಹೊರತು ಅವರನ್ನು ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ. ಮುಚ್ಚಿಡುವುದರಿಂದ ಮಗುವಿಗೆ ಈ ಆರೈಕೆ ತಪ್ಪುತ್ತದೆ.

ಪಾಠದಲ್ಲಿ ತಪ್ಪಿದ್ದು

ಗಂಟೆ ಬಾರಿಸಿತು. ಎಲ್ಲರೂ ಹೋದರು, ಒಬ್ಬ ಪ್ರಶಿಕ್ಷಣಾರ್ಥಿ ಬೆಂಚಿನಲ್ಲೇ ಕುಳಿತಿದ್ದರು. ಮನೆಯಲ್ಲಿ ಹಿಂದೆ ಇಂಥದೇ ಒಂದು ಸಾವು ಆಗಿತ್ತು. "ಆವಾಗ ಕೇಳೂದು ನಮಗ ಗೊತ್ತಿರಲಿಲ್ರೀ ಸರ್" ಎಂದರು. ನಾನು ಉತ್ತರ ಕೊಡಲು ಹೋಗಲಿಲ್ಲ, ಪಕ್ಕದಲ್ಲಿ ಕುಳಿತೆ. ಆಮೇಲೆ, ನಿಮ್ಮ ಮನಸ್ಸಿನಲ್ಲೂ ಅಂಥ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು, ದುಃಖ ಮಾತ್ರ ಇದೆ ಎಂದರು. ಮುಂದಿನ ವಾರ ಮತ್ತೆ ಭೇಟಿಯಾಗುವುದೆಂದು ಮಾತಾಯಿತು, ಭೇಟಿಯಾದೆವು.

ಪಾಠ ವೀಕ್ಷಿಸಿದ ಉಪನ್ಯಾಸಕರು ಹಿಮ್ಮಾಹಿತಿಯಲ್ಲಿ ಹೇಳಿದ ಮಾತು ಸರಿಯಾಗಿತ್ತು: "ಶಾಲೆಯ ಮಕ್ಕಳ ಸಲುವಾಗಿ ಎಲ್ಲಾ ಯೋಜನೆ ಮಾಡೀರಿ. ಎದುರಿಗೆ ಕೂತವರ ಸಲುವಾಗಿ ಮಾಡಿಲ್ಲ." ಈಗ ನನ್ನ ಪಾಠಯೋಜನೆಯಲ್ಲಿ ಎರಡು ಸಾಲು ಸೇರಿವೆ. ಆರಂಭದಲ್ಲಿ, ಈ ವಿಷಯ ಯಾರಿಗಾದರೂ ನೋವು ತರಬಹುದು, ಎದ್ದು ಹೋಗಲು ಅಡ್ಡಿಯಿಲ್ಲ, ಹೊರಗೆ ಇಂಥವರು ಇರುತ್ತಾರೆ ಎಂದು ಹೇಳುವುದು. ಕೊನೆಯಲ್ಲಿ, ಕೋಣೆಯಲ್ಲಿ ಇಪ್ಪತ್ತು ನಿಮಿಷ ನಾನು ಉಳಿಯುವುದು.

ಮೌಲ್ಯಮಾಪನ ಮತ್ತು ನಿಯೋಜಿತ ಕಾರ್ಯ

1. "ಏನೂ ತೊಂದರೆ ಇಲ್ಲಲ್ಲ?" ಎಂಬ ಪ್ರಶ್ನೆಯ ದೋಷವೇನು? ತಿದ್ದಿ ಬರೆಯಿರಿ.
2. ವಿದ್ಯಾರ್ಥಿ "ಯಾರಿಗೂ ಹೇಳಬ್ಯಾಡ್ರಿ" ಎಂದರೆ ಏನು ಹೇಳುವಿರಿ? ನಿಮ್ಮ ಊರಿನ ಮಾತಿನಲ್ಲೇ ಬರೆಯಿರಿ.
3. ನಿಮ್ಮ ಅಭ್ಯಾಸ ಶಾಲೆಯಿಂದ ಹತ್ತಿರದ ಸರ್ಕಾರಿ ಆಸ್ಪತ್ರೆ ಎಷ್ಟು ದೂರ, ಹೋಗಲು ಎಷ್ಟು ಹೊತ್ತು? ಕೇಳಿ ತಿಳಿದು ದಿನಚರಿಯಲ್ಲಿ ಬರೆದುಕೊಳ್ಳಿ.
4. ಬೋಧನಾಭ್ಯಾಸದ ಮೊದಲ ವಾರದಲ್ಲಿ, ತರಗತಿಯಲ್ಲಿ ಯಾರೊಂದಿಗೂ ಮಾತಾಡದ ಒಂದು ಮಗುವಿನ ಹೆಸರು ಕಲಿಯಿರಿ. ದಿನಕ್ಕೊಮ್ಮೆ ಆ ಮಗುವನ್ನು ಹೆಸರು ಹಿಡಿದು ಮಾತಾಡಿಸಿ. ಅದರ ವರದಿ ಬರೆಯಬೇಕಾಗಿಲ್ಲ.